ಕಾಲುವೆ ಕಟ್ಟಿದರೂ ಒಣಗದ ಗಡ್ಡೆ

ಸ್ತನ ಕ್ಯಾನ್ಸರಿನ ಹಾರ್ಮೋನು ಚಿಕಿತ್ಸೆ ಶುರುವಾದದ್ದು ಕುರಿಗಳ ಕೆಚ್ಚಲು ನೋಡಿ. 1870ರ ದಶಕದಲ್ಲಿ ಜಾರ್ಜ್ ಬೀಟ್ಸನ್ ಎಂಬ ತರುಣ ವೈದ್ಯರು ಸ್ಕಾಟ್ಲೆಂಡಿನ ಪಶ್ಚಿಮ ಭಾಗದ ಒಂದು ಹಳ್ಳಿಗಾಡಿನಲ್ಲಿ ರೋಗಿಯೊಬ್ಬನನ್ನು ನೋಡಿಕೊಂಡಿದ್ದರು. ಪಕ್ಕದಲ್ಲೇ ಕುರಿ ಸಾಕುವ ದೊಡ್ಡ ಜಮೀನಿತ್ತು. ಮರಿಗಳನ್ನು ತಾಯಿಯಿಂದ ಬಿಡಿಸಿದ ಮೇಲೆ ಕೆಚ್ಚಲಿನಲ್ಲಿ ಏನಾಗುತ್ತದೆ, ಹಾಲು ಯಾಕೆ ಬತ್ತುತ್ತದೆ ಎಂದು ಅವರಿಗೆ ಕುತೂಹಲ ಹುಟ್ಟಿತು. ಕರು ಹಾಕಿದ ಹಸುವಿನ ಅಂಡಾಶಯ ತೆಗೆದರೆ ಹಾಲು ಬಹಳ ದಿನ ಬತ್ತುವುದಿಲ್ಲ ಎಂಬುದನ್ನು ಕೆಲವು ದೇಶಗಳ ರೈತರು ಆಗಲೇ ಕಂಡುಕೊಂಡಿದ್ದರು. ಹೊಟ್ಟೆಯೊಳಗಿನ ಅಂಡಾಶಯ ಎದೆಯ ಮೇಲಿನ ಮೊಲೆಯನ್ನು ದೂರದಿಂದಲೇ ಆಳುತ್ತದೆ ಎಂದರೆ, ಮೊಲೆಯಲ್ಲಿ ಎದ್ದ ಗಡ್ಡೆಯನ್ನೂ ಆಳುತ್ತಿರಬಹುದಲ್ಲವೇ? 1895ರ ಜೂನ್‌ನಲ್ಲಿ ಗ್ಲಾಸ್ಗೋದಲ್ಲಿ, ಶಸ್ತ್ರಚಿಕಿತ್ಸೆಗೆ ಕೈಮೀರಿದ್ದ 33 ವರ್ಷದ ಹೆಂಗಸೊಬ್ಬಳ ಎರಡೂ ಅಂಡಾಶಯಗಳನ್ನು ಬೀಟ್ಸನ್ ತೆಗೆದರು. ಗಡ್ಡೆ ತಿಂಗಳುಗಳಲ್ಲಿ ಕರಗುತ್ತಾ ಬಂತು. ಮರುವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು. ಆದರೆ ಕೆಲವು ವರ್ಷಗಳಲ್ಲಿ ರೋಗ ಮರಳಿ ಬಂದು ಆಕೆ ತೀರಿಕೊಂಡಳು.

ಆ ಗೆಲುವು ಎಲ್ಲರ ನೆನಪಿನಲ್ಲಿ ಉಳಿಯಿತು. ನನಗೆ ಆ ಮರುಕಳಿಕೆಯೇ ಹೆಚ್ಚು ಮುಖ್ಯ. ಕರಗಿಹೋದದ್ದು ಮತ್ತೆ ಬೆಳೆಯಲು ಆಸರೆ ಎಲ್ಲಿಂದ ಸಿಕ್ಕಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಸುಮಾರು ನೂರು ವರ್ಷ ಕಳೆದವು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಈ ಪ್ರಶ್ನೆ ಈಗಲೂ ಮನೆಮನೆಯ ಮಾತಾಗಿ ಕೇಳಿಬರುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಈ ಐದೂ ತಾಲ್ಲೂಕುಗಳಿಗೆ ಜಿಲ್ಲಾಕೇಂದ್ರ ಹೊಸಪೇಟೆಯಾಯಿತು. ಆದರೆ ಎದೆಯಲ್ಲಿ ಗಂಟು ಕಂಡವರು ಬಳ್ಳಾರಿಗೋ ದಾವಣಗೆರೆಗೋ ಹುಬ್ಬಳ್ಳಿಗೋ, ಕೊನೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬಸ್ಸು ಹತ್ತುವುದು ತಪ್ಪಿಲ್ಲ. ಆಪರೇಶನ್ ಆಗುತ್ತದೆ, ಕಿಮೊ ಆಗುತ್ತದೆ, ವಿಕಿರಣದ ಕರೆಂಟು ಕೊಡಿಸುತ್ತಾರೆ, ಆಮೇಲೆ ಐದು ವರ್ಷದ ಗುಳಿಗೆ. ಅಷ್ಟೆಲ್ಲ ಮಾಡಿಸಿಯೂ ರೋಗ ಮರಳಿದರೆ ಮನೆಯವರು ಕೇಳುವುದು ಒಂದೇ ಮಾತು: ಗುಳಿಗಿ ಬಿಟ್ಟಿಲ್ಲ, ಮತ್ಯಾಕ ಬಂತು?

ಆ ಗುಳಿಗೆಯ ಕತೆ ಹೀಗಿದೆ. ಷಿಕಾಗೋದಲ್ಲಿ ಎಲ್ವುಡ್ ಜೆನ್ಸನ್ ಅವರು 1950ರ ದಶಕದ ಕೊನೆಯಲ್ಲಿ ಈಸ್ಟ್ರೊಜೆನ್ ಹಾರ್ಮೋನಿಗೆ ವಿಕಿರಣದ ಗುರುತು ಅಂಟಿಸಿ ಇಲಿಗಳಿಗೆ ಕೊಟ್ಟು, ಅದು ಎಲ್ಲಿ ಹೋಗಿ ನಿಲ್ಲುತ್ತದೆಂದು ನೋಡಿದರು. ಗರ್ಭಕೋಶದಂಥ ಕೆಲವು ಅಂಗಗಳು ಮಾತ್ರ ಅದನ್ನು ಹಿಡಿದಿಟ್ಟುಕೊಂಡವು. ಹಿಡಿದಿಡುವ ಪ್ರೋಟೀನಿಗೆ ಈಸ್ಟ್ರೊಜೆನ್ ಗ್ರಾಹಕ ಎಂದು ಹೆಸರಾಯಿತು. ಈ ಗ್ರಾಹಕವಿರುವ ಗಡ್ಡೆಗಳಷ್ಟೇ ಹಾರ್ಮೋನು ಚಿಕಿತ್ಸೆಗೆ ಬಗ್ಗುತ್ತವೆ ಎಂಬುದೂ ಹೊರಬಿತ್ತು. ಅತ್ತ ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ 1962ರಲ್ಲಿ ಒಂದು ಪದಾರ್ಥ ತಯಾರಿಸಿದರು. ಅದನ್ನು ಮಾಡಿದ್ದು ಗರ್ಭನಿರೋಧಕ್ಕೆಂದು. ಇಲಿಗಳಲ್ಲಿ ಅದು ಕೆಲಸ ಮಾಡಿತು, ಹೆಂಗಸರಲ್ಲಿ ಅಂಡಾಣು ಬಿಡುಗಡೆಯನ್ನೇ ಹೆಚ್ಚಿಸಿತು. ಮೂಲೆಗೆ ಬೀಳಬೇಕಿದ್ದ ಆ ಪದಾರ್ಥವನ್ನು ಆರ್ಥರ್ ವಾಲ್ಪೋಲ್ ಹಟ ಹಿಡಿದು ಉಳಿಸಿಕೊಂಡರು. ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಮೇರಿ ಕೋಲ್ ಮತ್ತು ಸಂಗಡಿಗರು ಅದನ್ನು ಮುಂದುವರಿದ ಸ್ತನ ಕ್ಯಾನ್ಸರಿನ ರೋಗಿಗಳಿಗೆ ಕೊಟ್ಟು 1971ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ಟಾಮಾಕ್ಸಿಫೆನ್. ಅದು ಗ್ರಾಹಕದಲ್ಲಿ ಈಸ್ಟ್ರೊಜೆನ್ ಕೂರುವ ಜಾಗವನ್ನು ತಾನು ಹಿಡಿದು ಕೂರುತ್ತದೆ. ಐದು ವರ್ಷ ನುಂಗಿದವರಲ್ಲಿ ಸ್ತನ ಕ್ಯಾನ್ಸರಿನಿಂದ ಆಗುವ ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆಂದು ಮುಂದೆ ಸಾವಿರಾರು ರೋಗಿಗಳ ಲೆಕ್ಕ ತೋರಿಸಿತು. ಕ್ಯಾನ್ಸರಿನ ಔಷಧಗಳಲ್ಲಿ ಇಷ್ಟು ಅಗ್ಗವಾಗಿ ಇಷ್ಟು ಜೀವ ಉಳಿಸಿದ್ದು ಬಹಳ ಇಲ್ಲ.

ಹಾಗಿದ್ದರೂ ಕೆಲವರಲ್ಲಿ ರೋಗ ಮರಳಿತು. ಉತ್ತರದ ಎಳೆ ಸಿಕ್ಕಿದ್ದು ಕ್ಯಾನ್ಸರಿಗೆ ಸಂಬಂಧವೇ ಇಲ್ಲದ ಕಡೆ, ಕಣ್ಣು ಬಿಡದ ಇಲಿಮರಿಗಳಲ್ಲಿ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೀಟಾ ಲೆವಿ ಮೊಂಟಾಲ್ಚಿನಿ ಅವರ ಜೊತೆ ನರಗಳ ಬೆಳವಣಿಗೆಯನ್ನು ಅಭ್ಯಾಸ ಮಾಡುತ್ತಿದ್ದ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಈಗಷ್ಟೇ ಹುಟ್ಟಿದ ಮರಿಗಳಿಗೆ ಚುಚ್ಚುತ್ತಿದ್ದರು. ಇಲಿಮರಿ ಕಣ್ಣು ಬಿಡಲು ಸಾಮಾನ್ಯವಾಗಿ ಎರಡು ವಾರ ಬೇಕು. ಚುಚ್ಚಿಸಿಕೊಂಡ ಮರಿಗಳು ಏಳನೇ ದಿನಕ್ಕೇ ಕಣ್ಣು ಬಿಟ್ಟವು, ಹಲ್ಲೂ ಬೇಗ ಮೂಡಿದವು. ನರಕ್ಕೂ ರೆಪ್ಪೆಗೂ ಏನು ಸಂಬಂಧ ಎಂದು ಬೇರೆಯವರು ಬಿಟ್ಟುಬಿಡಬಹುದಿತ್ತು. ಕೋಹೆನ್ ಅದರ ಬೆನ್ನು ಹತ್ತಿದರು. ಮುಂದೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋಗಿ, ಚರ್ಮದ ಕೋಶಗಳನ್ನು ಬೆಳೆಸುವ ಒಂದು ಪುಟ್ಟ ಪ್ರೋಟೀನನ್ನು 1962ರಲ್ಲಿ ಬೇರ್ಪಡಿಸಿ ತೋರಿಸಿದರು. ಅದು ಇಜಿಎಫ್. ದೇಹದ ಒಂದು ಕೋಶ ಇನ್ನೊಂದಕ್ಕೆ ಬೆಳೆ ಎಂದು ಹೇಳಿಕಳಿಸುವ ಇಂಥ ಪ್ರೋಟೀನುಗಳೇ ಬೆಳವಣಿಗೆಕಾರಕಗಳು. 1986ರಲ್ಲಿ ಕೋಹೆನ್, ಮೊಂಟಾಲ್ಚಿನಿ ಇಬ್ಬರಿಗೂ ನೊಬೆಲ್ ಬಂತು.

ಅದಕ್ಕೆ ಎರಡು ವರ್ಷ ಮೊದಲು, 1984ರಲ್ಲಿ, ಇಜಿಎಫ್‌ನ ಗ್ರಾಹಕದ ರಚನೆ ಬಿಡಿಸಿದವರಿಗೆ ಬೆರಗು ಕಾದಿತ್ತು. ಕೋಳಿಗಳಿಗೆ ಕ್ಯಾನ್ಸರ್ ತರುವ ಒಂದು ವೈರಸ್ಸಿನ ಜೀನಿಗೂ ಈ ಗ್ರಾಹಕಕ್ಕೂ ಅಣ್ಣತಮ್ಮರ ಹೋಲಿಕೆ. ಬೆಳೆಯುವ ಆಜ್ಞೆ ಕೇಳಿಸಿಕೊಳ್ಳುವ ಪ್ರೋಟೀನು ಕೆಟ್ಟರೆ ಅದೇ ಕ್ಯಾನ್ಸರಿನ ಕಾರಣವಾಗಬಹುದು. ಆ ಹೊತ್ತಿಗೆ ಎಂಐಟಿಯಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯ ಇಲಿಗಡ್ಡೆಗಳಲ್ಲಿ ಅದೇ ಕುಟುಂಬದ ಮತ್ತೊಂದು ಜೀನನ್ನು ಹಿಡಿದಿತ್ತು. ಮನುಷ್ಯರಲ್ಲಿ ಅದರ ರೂಪವನ್ನು ಆಕ್ಸೆಲ್ ಉಲ್ರಿಚ್ ಜೆನೆನ್‌ಟೆಕ್ ಕಂಪನಿಯಲ್ಲಿ ಬಿಡಿಸಿಟ್ಟರು, ಹೆಸರು ಹರ್‌-2. ಲಾಸ್ ಏಂಜಲೀಸ್‌ನ ಡೆನಿಸ್ ಸ್ಲಾಮನ್ 189 ಸ್ತನದ ಗಡ್ಡೆಗಳನ್ನು ಪರೀಕ್ಷಿಸಿ 1987ರಲ್ಲಿ ಬರೆದರು: ಸುಮಾರು 30 ಪ್ರತಿಶತ ಗಡ್ಡೆಗಳಲ್ಲಿ ಈ ಜೀನಿನ ಪ್ರತಿಗಳು ಹೆಚ್ಚಿವೆ, ಅಂಥವರಲ್ಲಿ ರೋಗ ಬೇಗ ಮರಳುತ್ತದೆ. ಇಂದಿನ ಲೆಕ್ಕದಲ್ಲಿ ಆ ಪ್ರಮಾಣ ಇದಕ್ಕಿಂತ ಕಡಿಮೆ, ಐವರಲ್ಲಿ ಒಬ್ಬರ ಆಸುಪಾಸು. ಹರ್‌-2 ಗ್ರಾಹಕಕ್ಕೆ ಅಡ್ಡ ನಿಲ್ಲುವ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಬಯೋಕಾನ್ ಅದಕ್ಕೆ ಸಮಾನವಾದ ಔಷಧವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಮೈಲಾನ್ ಜೊತೆಗೂಡಿ ತಯಾರಿಸಿದ ಅದೇ ಬಗೆಯ ಔಷಧಕ್ಕೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಒಪ್ಪಿಗೆಯೂ ದೊರೆಯಿತು. ಟ್ರಾಸ್ಟುಜುಮ್ಯಾಬ್‌ಗೆ ಸಮಾನವೆಂದು ಆ ದೇಶ ಒಪ್ಪಿದ ಮೊದಲ ಔಷಧ ಅದು.

ಈಗ ಟಾಮಾಕ್ಸಿಫೆನ್ ಸೋಲುವುದರ ಗುಟ್ಟಿಗೆ ಬರೋಣ. 1992ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳಿಗೆ ಈಸ್ಟ್ರೊಜೆನ್ ಬದಲು ಇಜಿಎಫ್ ಕೊಟ್ಟರೂ ಗರ್ಭಕೋಶ ಈಸ್ಟ್ರೊಜೆನ್ ಸಿಕ್ಕಂತೆಯೇ ವರ್ತಿಸುವುದನ್ನು ಕಂಡರು. 1995ರಲ್ಲಿ ಜಪಾನಿನ ಶಿಗೆಯಾಕಿ ಕಾಟೋ ಮತ್ತು ಸಂಗಡಿಗರು ಕಾರಣ ತೋರಿಸಿದರು. ಬೆಳವಣಿಗೆಕಾರಕಗಳು ಕೋಶದ ಹೊರಗೋಡೆಯಲ್ಲಿ ಎಬ್ಬಿಸಿದ ಸಂದೇಶ ಒಳಗೆ ಕೈಯಿಂದ ಕೈಗೆ ದಾಟಿ, ಕೊನೆಗೆ ಈಸ್ಟ್ರೊಜೆನ್ ಗ್ರಾಹಕದ ಮೇಲೆ ಒಂದು ಫಾಸ್ಫೇಟನ್ನು ಅಂಟಿಸುತ್ತದೆ. ಅಷ್ಟಾದರೆ ಸಾಕು, ಹಾರ್ಮೋನು ಇಲ್ಲದಿದ್ದರೂ ಗ್ರಾಹಕ ಎಚ್ಚರಗೊಳ್ಳುತ್ತದೆ. ತುಂಗಭದ್ರೆಯ ಕಾಲುವೆ ನಿಂತಾಗ ನಮ್ಮ ರೈತ ಬೆಳೆ ಒಣಗಲು ಬಿಡದೆ ಬೋರು ಕೊರೆಸುವಂತೆ, ಈಸ್ಟ್ರೊಜೆನ್ ದಾರಿ ಮುಚ್ಚಿದ ಗಡ್ಡೆ ಬೆಳವಣಿಗೆಕಾರಕಗಳ ದಾರಿಯಲ್ಲಿ ನೀರು ಎಳೆದುಕೊಳ್ಳುತ್ತದೆ. 2004ರಲ್ಲಿ ಹ್ಯೂಸ್ಟನ್‌ನಲ್ಲಿ ರೇಚಲ್ ಶಿಫ್, ಕೆಂಟ್ ಓಸ್‌ಬೋರ್ನ್ ಅವರ ತಂಡ ಇನ್ನೂ ಕಳವಳದ ಸಂಗತಿ ತೋರಿಸಿತು. ಹರ್‌-2 ಹೆಚ್ಚಿರುವ ಗಡ್ಡೆಕೋಶಗಳಿಗೆ ಟಾಮಾಕ್ಸಿಫೆನ್ ಅಡ್ಡಿಯಾಗುವುದರ ಬದಲು ಬೆಳೆಯುವ ಪ್ರಚೋದನೆಯನ್ನೇ ಕೊಡಬಲ್ಲದು. ಬೆಳವಣಿಗೆಕಾರಕದ ದಾರಿಯನ್ನೂ ಜೊತೆಗೇ ಮುಚ್ಚಿದಾಗ ಗುಳಿಗೆ ಮತ್ತೆ ತನ್ನ ಕೆಲಸ ಮಾಡಿತು.

ಗಡ್ಡೆಕೋಶಗಳ ಇಂಥ ಪ್ರಯೋಗಗಳಲ್ಲಿ ಹಲವು ನಡೆದದ್ದು ಎಂಸಿಎಫ್‌-7 ಎಂಬ ಕೋಶಗಳ ಮೇಲೆ. 1970ರಲ್ಲಿ ಡೆಟ್ರಾಯಿಟ್‌ನ ಮಿಷಿಗನ್ ಕ್ಯಾನ್ಸರ್ ಪ್ರತಿಷ್ಠಾನದಲ್ಲಿ, ರೋಗ ಹರಡಿ ಸಾವಿಗೆ ಹತ್ತಿರವಿದ್ದ ಸಿಸ್ಟರ್ ಕ್ಯಾಥರೀನ್ ಫ್ರಾನ್ಸಿಸ್ ಎಂಬ ಸನ್ಯಾಸಿನಿಯ ಎದೆಗೂಡಿನ ನೀರಿನಿಂದ ಬೆಳೆಸಿದ ಕೋಶಗಳವು. ಆಕೆ ಹೋಗಿ ಅರ್ಧ ಶತಮಾನವಾದರೂ ಅವು ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ಬೆಳೆಯುತ್ತಿವೆ. ಸ್ತನ ಕ್ಯಾನ್ಸರ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಆ ಒಬ್ಬ ಹೆಣ್ಣುಮಗಳ ಪಾಲು ದೊಡ್ಡದು, ಅವಳ ಹೆಸರನ್ನು ಗೌರವದಿಂದ ಹೇಳಲೇಬೇಕು.

ಬೆಳವಣಿಗೆಕಾರಕಗಳಲ್ಲಿ ಒಂದರ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ವ್ಯಾಯಾಮದ ಕತೆ ಅಲ್ಲಿಂದ ಶುರುವಾಗುತ್ತದೆ. 1957ರಲ್ಲಿ ಸ್ಯಾಮನ್ ಮತ್ತು ಡಾಹಡೇ ಎಂಬಿಬ್ಬರು, ಬೆಳವಣಿಗೆ ಹಾರ್ಮೋನನ್ನು ನೇರವಾಗಿ ಮೃದ್ವಸ್ಥಿಯ ಮೇಲೆ ಹಾಕಿದರೆ ಏನೂ ಆಗುವುದಿಲ್ಲ, ಆ ಹಾರ್ಮೋನು ಕೊಡಿಸಿಕೊಂಡ ಇಲಿಯ ರಕ್ತದ ಸೀರಮ್ ಹಾಕಿದರೆ ಮಾತ್ರ ಬೆಳವಣಿಗೆ ಶುರುವಾಗುತ್ತದೆ ಎಂದು ಕಂಡರು. ನಡುವೆ ಇನ್ನೊಂದು ದೂತ ಇರಲೇಬೇಕು. 1978ರಲ್ಲಿ ಜ್ಯೂರಿಕ್‌ನಲ್ಲಿ ರಿಂಡರ್‌ಕ್ನೆಕ್ಟ್ ಮತ್ತು ಹಂಬೆಲ್ ಅದರ ರಚನೆ ಬಿಡಿಸಿದಾಗ ಅದು ಇನ್ಸುಲಿನ್‌ನ ಹತ್ತಿರದ ನೆಂಟನೆಂದು ತಿಳಿಯಿತು. ಹೆಸರು ಐಜಿಎಫ್‌-1. ರಕ್ತದಲ್ಲಿ ಹರಿಯುವ ಐಜಿಎಫ್‌-1 ಬಹುಪಾಲು ತಯಾರಾಗುವುದು ಯಕೃತ್ತಿನಲ್ಲಿ. ಅದು ರಕ್ತದಲ್ಲಿ ಒಂಟಿಯಾಗಿ ಓಡಾಡುವುದು ಕಡಿಮೆ, ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳು ಬೇರೆಯೇ ಇವೆ.

ಇಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲಿದೆ. ಅಲ್ಲಿನ ಪಟೂರು ಕೊಂಡಯ್ಯ ಅವರ ತಂಡ ಕಿದ್ವಾಯಿ ಸಂಸ್ಥೆಯ ವೈದ್ಯರ ಜೊತೆ ಸೇರಿ, ಐಜಿಎಫ್ ಹಿಡಿಯುವ ಪ್ರೋಟೀನುಗಳಲ್ಲಿ ಎರಡನೆಯದನ್ನು ಸ್ತನದ ಗಡ್ಡೆಗಳಲ್ಲಿ ಹುಡುಕಿತು. ಹಿಡಿದುಕೊಳ್ಳುವ ಪ್ರೋಟೀನು ಐಜಿಎಫ್ ಅನ್ನು ಕಟ್ಟಿಹಾಕಿ ಉಪಕಾರ ಮಾಡಬೇಕು ಎಂಬುದು ಸಹಜ ನಿರೀಕ್ಷೆ. 2013ರಲ್ಲಿ ಪ್ರಕಟವಾದ ಅವರ ಕೆಲಸ ಬೇರೆ ಕಡೆ ಬೆರಳು ತೋರಿಸಿತು. ಈ ಪ್ರೋಟೀನು ಬೀಟಾ ಕಟೇನಿನ್ ಎಂಬ ಮತ್ತೊಂದರ ಜೊತೆಗೂಡಿ ಗಡ್ಡೆಯ ಬೆಳವಣಿಗೆಗೆ ಒತ್ತಾಸೆಯಾಗುತ್ತದೆ, ಕಂಕುಳಿನ ಹಾಲ್ರಸ ಗ್ರಂಥಿಗಳಿಗೆ ರೋಗ ಹರಡಿದ್ದಕ್ಕೂ ಇವೆರಡರ ಇರವಿಗೂ ನಂಟಿದೆ. ಕಿದ್ವಾಯಿಗೆ ಬಂದ ನಮ್ಮದೇ ರಾಜ್ಯದ ಹೆಂಗಸರ ಗಡ್ಡೆಗಳಿಂದ ಹೊರಟ ತಿಳಿವಳಿಕೆ ಇದು ಎಂಬುದು ನನಗೆ ಹೆಮ್ಮೆ.

ಹಾಗಾದರೆ ಐಜಿಎಫ್ ದಾರಿಯನ್ನೇ ಔಷಧದಿಂದ ಮುಚ್ಚಿದರೆ ಆಯಿತಲ್ಲ? ಕಂಪನಿಗಳು ಅದನ್ನೇ ಮಾಡಿದವು. ಐಜಿಎಫ್ ಗ್ರಾಹಕಕ್ಕೆ ಅಡ್ಡ ನಿಲ್ಲುವ ಗ್ಯಾನಿಟುಮ್ಯಾಬ್ ಔಷಧವನ್ನು ಹಾರ್ಮೋನು ಚಿಕಿತ್ಸೆಗೆ ಬಗ್ಗದ ರೋಗಿಗಳಿಗೆ ಕೊಟ್ಟ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಏನೂ ಉಪಯೋಗವಾಗಲಿಲ್ಲ. ಐಜಿಎಫ್ ದಾರಿ ಮುಚ್ಚಿದರೆ ದೇಹ ಇನ್ಸುಲಿನ್ ಹೆಚ್ಚಿಸುತ್ತದೆ, ಗಡ್ಡೆ ಇನ್ಸುಲಿನ್ ಗ್ರಾಹಕದ ಮೂಲಕ ಅದೇ ಸಂದೇಶ ಪಡೆಯುತ್ತದೆ ಎಂಬುದು ಸೋಲಿಗೆ ಕೊಟ್ಟ ವಿವರಣೆಗಳಲ್ಲಿ ಒಂದು.

ಗ್ರಾಹಕದ ಬದಲು ಒಳಗಿನ ಸಂದೇಶದ ಕೊಂಡಿಯನ್ನೇ ತಡೆದವರಿಗೆ ಸ್ವಲ್ಪ ಗೆಲುವು ಸಿಕ್ಕಿತು. ಅದರ ಮೂಲ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣು. ಸ್ಥಳೀಯರ ಬಾಯಲ್ಲಿ ಆ ದ್ವೀಪ ರಾಪಾ ನುಯಿ. 1964ರಲ್ಲಿ ಕೆನಡಾದ ತಂಡವೊಂದು ತಂದ ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ರಾಪಮೈಸಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿದ ತಂಡದ ಮುಂದಾಳು ಪಂಜಾಬಿನಲ್ಲಿ ಹುಟ್ಟಿದ ಸುರೇನ್ ಸೆಹಗಲ್. ಮಾಂಟ್ರಿಯಲ್‌ನ ಪ್ರಯೋಗಾಲಯ ಮುಚ್ಚಿದಾಗ ಆ ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರಿನಲ್ಲಿಟ್ಟು ಕಾಪಾಡಿಕೊಂಡವರು ಅವರು. ಅದರಿಂದ ರೂಪಿಸಿದ ಎವೆರೊಲಿಮಸ್ ಗುಳಿಗೆಯನ್ನು ಹಾರ್ಮೋನು ಚಿಕಿತ್ಸೆಯ ಜೊತೆ ಕೊಟ್ಟಾಗ, ರೋಗ ಮುಂದುವರಿಯದೆ ನಿಂತ ಅವಧಿ 2.8 ತಿಂಗಳಿಂದ 6.9 ತಿಂಗಳಿಗೆ ಏರಿತೆಂದು 724 ರೋಗಿಗಳ ಪ್ರಯೋಗ 2012ರಲ್ಲಿ ತೋರಿಸಿತು. ಅದೇ ದಾರಿಯ ಇನ್ನೊಂದು ಕೊಂಡಿ ಪಿಐ3ಕೆ. ಅದನ್ನು ತಡೆಯುವ ಔಷಧ ಕೊಟ್ಟರೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಸಕ್ಕರೆ ಇಳಿಸಲು ದೇಹ ಇನ್ಸುಲಿನ್ ಸುರಿಯುತ್ತದೆ, ಆ ಇನ್ಸುಲಿನ್ ಗಡ್ಡೆಯಲ್ಲಿ ಪಿಐ3ಕೆಯನ್ನು ಮತ್ತೆ ಎಬ್ಬಿಸುತ್ತದೆ. 2018ರಲ್ಲಿ ಲೂಯಿಸ್ ಕ್ಯಾಂಟ್ಲಿ ಅವರ ತಂಡ ಇದನ್ನು ಇಲಿಗಳಲ್ಲಿ ತೋರಿಸಿತು. ಲೇಖಕರಲ್ಲಿ ಸಿದ್ಧಾರ್ಥ ಮುಖರ್ಜಿಯವರೂ ಇದ್ದರು. ಇನ್ಸುಲಿನ್ ಏರದಂತೆ ನೋಡಿಕೊಂಡಾಗ ಔಷಧ ಚೆನ್ನಾಗಿ ಕೆಲಸ ಮಾಡಿತು.

ಅಂದರೆ ಔಷಧಕ್ಕೆ ಗಡ್ಡೆ ಬಗ್ಗದಿರುವುದಕ್ಕೆ ಗಡ್ಡೆಯೊಳಗಿನ ಜೀನುಗಳಷ್ಟೇ ಕಾರಣವಲ್ಲ. ಸುತ್ತ ಹರಿಯುವ ರಕ್ತ, ಅದರಲ್ಲಿನ ಇನ್ಸುಲಿನ್, ಐಜಿಎಫ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅವು ನಾವು ಉಣ್ಣುವ, ಅಡ್ಡಾಡುವ, ಕೂರುವ ಬಗೆಯಿಂದ ಏರಿಳಿಯುತ್ತವೆ.

ಬಹುಕಾಲ ವೈದ್ಯರು ಕ್ಯಾನ್ಸರ್ ರೋಗಿಗೆ ಕೊಡುತ್ತಿದ್ದ ಸಲಹೆ ವಿಶ್ರಾಂತಿ. ನಮ್ಮ ಕಡೆ ಇವತ್ತಿಗೂ ಅದೇ ಪ್ರೀತಿ. ಕಿಮೊ ಮುಗಿಸಿಕೊಂಡು ಬಂದವಳನ್ನು ಮಂಚದಿಂದ ಇಳಿಯಗೊಡುವುದಿಲ್ಲ, ನೀನೇನೂ ಮಾಡಬ್ಯಾಡ ಕುಂದ್ರವ್ವ ಎನ್ನುತ್ತಾರೆ. ಈ ಸಲಹೆಯ ಬುಡ ಅಲ್ಲಾಡಿಸಿದ್ದು ಅಮೆರಿಕದ ನರ್ಸುಗಳು. 1976ರಲ್ಲಿ ಶುರುವಾದ ಅಧ್ಯಯನವೊಂದರಲ್ಲಿ ಲಕ್ಷಕ್ಕೂ ಹೆಚ್ಚು ನರ್ಸುಗಳು ವರ್ಷಗಟ್ಟಲೆ ತಮ್ಮ ಬದುಕಿನ ಬಗ್ಗೆ ಪ್ರಶ್ನಾವಳಿ ತುಂಬಿ ಕಳಿಸುತ್ತಾ ಬಂದಿದ್ದರು. ಅವರಲ್ಲಿ ಸ್ತನ ಕ್ಯಾನ್ಸರ್ ಬಂದ 2,987 ಮಂದಿಯ ಉತ್ತರಗಳನ್ನು ಮಿಷೆಲ್ ಹೋಮ್ಸ್ ಮತ್ತು ಸಂಗಡಿಗರು ತೆಗೆದು ನೋಡಿ 2005ರಲ್ಲಿ ಬರೆದರು. ರೋಗ ಪತ್ತೆಯಾದ ಮೇಲೆ ವಾರಕ್ಕೆ ಮೂರರಿಂದ ಐದು ಗಂಟೆ ಸಾಧಾರಣ ವೇಗದಲ್ಲಿ ನಡೆದಷ್ಟು ಚಟುವಟಿಕೆ ಇದ್ದವರಲ್ಲಿ ಸ್ತನ ಕ್ಯಾನ್ಸರಿನಿಂದ ಸಾವು ಎಲ್ಲಕ್ಕಿಂತ ಕಡಿಮೆ, ಕೂತೇ ಇದ್ದವರಿಗೆ ಹೋಲಿಸಿದರೆ ಸುಮಾರು ಅರ್ಧ. ಅದಕ್ಕಿಂತ ಹೆಚ್ಚು ಮಾಡಿದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಲಾಭ ಎದ್ದು ಕಂಡದ್ದು ಹಾರ್ಮೋನು ಗ್ರಾಹಕವಿರುವ ಗಡ್ಡೆಗಳಲ್ಲಿ, ಅಂದರೆ ಗುಳಿಗೆ ನುಂಗುವವರಲ್ಲೇ.

ಇದನ್ನು ಓದಿ ಹಿಗ್ಗುವ ಮೊದಲು ಒಂದು ಮಾತು. ಆರೋಗ್ಯ ಚೆನ್ನಾಗಿದ್ದವರು ಹೆಚ್ಚು ನಡೆಯುತ್ತಾರೆ, ಒಳಗೊಳಗೇ ರೋಗ ಹರಡುತ್ತಿರುವವರು ಕಡಿಮೆ ನಡೆಯುತ್ತಾರೆ. ಇಂಥ ಲೆಕ್ಕದಲ್ಲಿ ನಡಿಗೆಯಿಂದ ಜೀವ ಉಳಿಯಿತೋ, ಜೀವ ಗಟ್ಟಿಯಿದ್ದುದರಿಂದ ನಡೆದರೋ ಪೂರ್ತಿ ಬಿಡಿಸಲಾಗದು. ಹಾಗಾಗಿ ಯೇಲ್ ವಿಶ್ವವಿದ್ಯಾಲಯದ ಮೆಲಿಂಡಾ ಅರ್ವಿನ್ ಅವರಂಥವರು ಚೀಟಿ ಎತ್ತಿ ಗುಂಪು ಮಾಡಿ, ಒಂದು ಗುಂಪನ್ನು ನಡೆಸಿ, ಇನ್ನೊಂದನ್ನು ಇದ್ದಂತೆಯೇ ಬಿಟ್ಟು ರಕ್ತ ಪರೀಕ್ಷಿಸಿದರು. 2009ರ ಆ ಪ್ರಯೋಗದಲ್ಲಿ ನಡೆದವರ ಐಜಿಎಫ್‌-1 ಇಳಿಯಿತು. ಬೇರೆ ಕಡೆ ಮಾಡಿದ ಪ್ರಯೋಗಗಳೆಲ್ಲ ಅದೇ ಮಾತು ಹೇಳಲಿಲ್ಲ, ಕೆಲವದರಲ್ಲಿ ಐಜಿಎಫ್‌-1 ಕದಲಲೇ ಇಲ್ಲ. ಇನ್ಸುಲಿನ್ ಇಳಿಯುವುದು ಅದಕ್ಕಿಂತ ಸ್ಥಿರವಾಗಿ ಕಂಡಿದೆ.

ಕೋಪನ್‌ಹೇಗನ್‌ನ ಸಂಶೋಧಕರು ಮತ್ತೊಂದು ಬಾಗಿಲು ತಟ್ಟಿದರು. ಸ್ತನ ಕ್ಯಾನ್ಸರ್ ಬಂದ ಹೆಂಗಸರಿಂದ ವ್ಯಾಯಾಮದ ಮೊದಲು ಒಮ್ಮೆ, ನಂತರ ಒಮ್ಮೆ ರಕ್ತ ತೆಗೆದು, ಆ ಎರಡು ಸೀರಮ್‌ಗಳಲ್ಲಿ ಎಂಸಿಎಫ್‌-7 ಕೋಶಗಳನ್ನು ಇಟ್ಟು ನೋಡಿದರು. ವ್ಯಾಯಾಮದ ನಂತರದ ರಕ್ತದಲ್ಲಿ ಕೋಶಗಳು ಸೊರಗಿದವು. ಅದರಲ್ಲಿ ನೆನೆದ ಕೋಶಗಳನ್ನು ಇಲಿಗಳಿಗೆ ಚುಚ್ಚಿದಾಗ ಗಡ್ಡೆ ಕಟ್ಟಿದ ಇಲಿಗಳ ಸಂಖ್ಯೆ ಸುಮಾರು ಅರ್ಧಕ್ಕಿಳಿಯಿತು. 2017ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಎಲ್ಲರೂ ಐಜಿಎಫ್ ಕಾರಣವಿರಬೇಕು ಎಂದುಕೊಂಡ ಕಡೆ ಸಿಕ್ಕಿದ್ದು ಅಡ್ರಿನಲಿನ್. ಮೈ ಬೆವರುವಾಗ ರಕ್ತಕ್ಕೆ ಬರುವ ಅಡ್ರಿನಲಿನ್, ಅದರ ಜೋಡಿ ನಾರಡ್ರಿನಲಿನ್ ಕೋಶದೊಳಗೆ ಬೆಳವಣಿಗೆಗೆ ಲಗಾಮು ಹಾಕುವ ಹಿಪ್ಪೋ ಎಂಬ ಸಂದೇಶದ ದಾರಿಯನ್ನು ಎಬ್ಬಿಸಿದ್ದವು. ಬಾಟಲಿಯ ಕೋಶಗಳಲ್ಲಿ, ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಎಷ್ಟು ನಿಜವೆಂದು ಇನ್ನೂ ತೂಗಿ ನೋಡಬೇಕು.

ವ್ಯಾಯಾಮದ ಸುದ್ದಿ ಬಂದಾಗಲೆಲ್ಲ ಕೇಳಿಬರುವ ಇನ್ನೊಂದು ಹೆಸರು ಎಎಂಪಿಕೆ. ಕೋಶದ ಇಂಧನ ಇಳಿದಾಗ ಎಚ್ಚರಗೊಳ್ಳುವ ಪ್ರೋಟೀನು. ಓಡುವ ಇಲಿಯ ಸ್ನಾಯುವಿನಲ್ಲಿ ಅದು ಏರುತ್ತದೆಂದು ವಿಂಡರ್ ಮತ್ತು ಗ್ರಹಾಂ ಹಾರ್ಡಿ 1996ರಲ್ಲಿ ತೋರಿಸಿದರು. ಅದು ಬೆಳವಣಿಗೆಯನ್ನು ತಡೆಹಿಡಿಯುವ ಪ್ರೋಟೀನಾದ್ದರಿಂದ, ವ್ಯಾಯಾಮ ಮಾಡಿದರೆ ಎಎಂಪಿಕೆ ಏರಿ ಕ್ಯಾನ್ಸರ್ ಸಾಯುತ್ತದೆ ಎಂದು ಸುಲಭವಾಗಿ ಬರೆದುಬಿಡುವವರಿದ್ದಾರೆ. ಅದು ಅಷ್ಟು ಸರಳವಲ್ಲ ಎಂದು ತೋರಿಸಿದ್ದು ಮತ್ತೆ ಬೆಂಗಳೂರು. ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ ಪಳಗಿ ಬಂದ ಅನ್ನಪೂರ್ಣಿ ರಂಗರಾಜನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಗಡ್ಡೆಯಿಂದ ಕಳಚಿಕೊಂಡು ತೇಲುವ ಕೋಶಗಳನ್ನು ಬೆನ್ನಟ್ಟಿದರು. ನೆಲೆ ತಪ್ಪಿದ ಸಾಮಾನ್ಯ ಕೋಶ ಸಾಯಬೇಕು. ಕ್ಯಾನ್ಸರ್ ಕೋಶ ಸಾಯುವುದಿಲ್ಲ. ತೇಲುವಾಗ ಅದರಲ್ಲಿ ಎಎಂಪಿಕೆ ಏರುತ್ತದೆ, ಬೆಳವಣಿಗೆಕಾರಕಗಳ ಮಾತು ನಡೆಸಿಕೊಡುವ ಎಕೆಟಿ ಎಂಬ ಪ್ರೋಟೀನು ಇಳಿಯುತ್ತದೆ. ಮತ್ತೆ ನೆಲೆ ಸಿಕ್ಕಿದಾಗ ಎಕೆಟಿ ಏರಿ ಎಎಂಪಿಕೆ ಇಳಿಯುತ್ತದೆ. ಒಂದು ಇನ್ನೊಂದನ್ನು ಅದುಮುವ ಈ ಸರದಿಯನ್ನು ಅವರ ತಂಡ 2018ರಲ್ಲಿ ಬಿಡಿಸಿಟ್ಟಿತು. ಸ್ನಾಯುವಿಗೆ ಒಳ್ಳೆಯದನ್ನು ಮಾಡುವ ಪ್ರೋಟೀನೇ ಅಲೆಯುವ ಕ್ಯಾನ್ಸರ್ ಕೋಶದ ಜೀವ ಹಿಡಿದಿಡುತ್ತದೆ. ಸ್ನಾಯುವಿನ ಮಾತನ್ನು ಹಾಗೇ ಗಡ್ಡೆಗೆ ಹಚ್ಚಬಾರದು. ಅದೇ ಸಂಸ್ಥೆಯ ಮೋಹಿತ್ ಕುಮಾರ್ ಜಾಲಿ ಅವರ ತಂಡ 2021ರಲ್ಲಿ ಗಣಿತದ ಮಾದರಿಯ ಮೂಲಕ ಇನ್ನೊಂದು ಸೂಕ್ಷ್ಮ ಹೇಳಿತು. ಜೀನಿನಲ್ಲಿ ಯಾವ ಬದಲಾವಣೆಯೂ ಇಲ್ಲದೆ ಸ್ತನ ಕ್ಯಾನ್ಸರಿನ ಕೋಶಗಳು ಟಾಮಾಕ್ಸಿಫೆನ್‌ಗೆ ಬಗ್ಗುವ ಸ್ಥಿತಿಯಿಂದ ಬಗ್ಗದ ಸ್ಥಿತಿಗೆ ಹೋಗಬಲ್ಲವು, ಮರಳಿಯೂ ಬರಬಲ್ಲವು.

ನನ್ನ ಲೆಕ್ಕದಲ್ಲಿ ನಮ್ಮ ಐದು ತಾಲ್ಲೂಕುಗಳ ಹೆಂಗಸರಿಗೆ ಇವೆಲ್ಲಕ್ಕಿಂತ ಹತ್ತಿರದ ಆವಿಷ್ಕಾರಗಳು ಎರಡು, ಎರಡೂ ಸದ್ದಿಲ್ಲದೆ ಆದವು. ಮುಟ್ಟು ನಿಂತವರಿಗೆ ಟಾಮಾಕ್ಸಿಫೆನ್ ಬದಲು ಕೊಡುವ ಅನಾಸ್ಟ್ರೊಜೋಲ್, ಲೆಟ್ರೊಜೋಲ್ ಗುಳಿಗೆಗಳು ಹಲವರಿಗೆ ಕೀಲುನೋವು ತರುತ್ತವೆ. ಮೊಣಕಾಲು, ಬೆರಳ ಗೆಣ್ಣು ಹಿಡಿದುಕೊಂಡರೆ ಶೇಂಗಾ ಬಿಡಿಸುವವಳು, ನಸುಕಿನಲ್ಲಿ ಮಲ್ಲಿಗೆ ಬಿಡಿಸುವ ಹಡಗಲಿಯವಳು ದುಡಿಯುವುದು ಹೇಗೆ? ಗುಳಿಗೆಯಿಂದಲೇ ನೋವು ಎಂದು ಗೊತ್ತಾದ ದಿನ ಗುಳಿಗೆ ನಿಲ್ಲುತ್ತದೆ. ಆಮೇಲೆ ರೋಗ ಮರಳಿದರೆ ಅದು ಗಡ್ಡೆಯ ಪ್ರತಿರೋಧವಲ್ಲ, ಔಷಧವೇ ಒಳಗೆ ಹೋಗಿಲ್ಲ. ಅರ್ವಿನ್ ಅವರ ತಂಡ ಇಂಥ ನೋವಿದ್ದ 121 ಹೆಂಗಸರ ಮೇಲೆ ಪ್ರಯೋಗ ಮಾಡಿತು. ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ಎರಡು ಸಲ ತೂಕ ಎತ್ತುವ ಅಭ್ಯಾಸ. ವರ್ಷದ ಕೊನೆಗೆ ತೀವ್ರ ನೋವು 29 ಪ್ರತಿಶತ ಇಳಿಯಿತು, ಇದ್ದಂತೆಯೇ ಇದ್ದವರಲ್ಲಿ ಇಳಿಯಲಿಲ್ಲ. 2015ರಲ್ಲಿ ಬಂದ ಈ ಫಲಿತಾಂಶವನ್ನು ಗುಳಿಗೆ ಬರೆದುಕೊಡುವ ಪ್ರತಿ ವೈದ್ಯರೂ ಬಾಯಿಬಿಟ್ಟು ಹೇಳಬೇಕೆಂದು ನನ್ನ ಬೇಡಿಕೆ. ನೋವಿದ್ದರೆ ಗುಳಿಗೆ ಬಿಡಬ್ಯಾಡ, ಬಂದು ಹೇಳು, ಅಡ್ಡಾಡು ಎಂಬ ಮಾತು ಚೀಟಿಯಲ್ಲಿ ಬರೆದ ಔಷಧದಷ್ಟೇ ಮುಖ್ಯ.

ಎರಡನೆಯದು ಕೈ ಬಾವಿನದು. ಕಂಕುಳಿನ ಗ್ರಂಥಿ ತೆಗೆದವರಲ್ಲಿ ಕೆಲವರ ಕೈ ಊದಿಕೊಳ್ಳುತ್ತದೆ. ಆ ಕೈಯಲ್ಲಿ ಕೊಡ ಹೊರಬೇಡ, ಭಾರ ಎತ್ತಬೇಡ ಎಂದು ಜಗತ್ತಿನಾದ್ಯಂತ ಹೇಳುತ್ತಿದ್ದರು. ನೀರು ಹೊರದೆ ಸಂಸಾರ ನಡೆಯದ ಊರಲ್ಲಿ ಆ ಮಾತು ಪಾಲಿಸುವವರು ಯಾರು? ಕ್ಯಾಥರಿನ್ ಶ್ಮಿಟ್ಜ್ ಅವರು ಕೈ ಬಾವಿದ್ದ 141 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಚಿಕ್ಕ ತೂಕದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾ ಒಂದು ವರ್ಷ ಭಾರ ಎತ್ತಿಸಿದರು. ಬಾವು ಹೆಚ್ಚಲಿಲ್ಲ. ಬಾವು ಉಲ್ಬಣಿಸಿದ್ದು ಎತ್ತಿದವರಲ್ಲಿ 14 ಪ್ರತಿಶತ, ಎತ್ತದವರಲ್ಲಿ 29 ಪ್ರತಿಶತ ಎಂದು 2009ರಲ್ಲಿ ವರದಿ ಬಂತು. ನಿಧಾನವಾಗಿ ಏರಿಸುತ್ತಾ, ತಿಳಿದವರ ಕಣ್ಣೆದುರು ಎಂಬುದನ್ನು ಮಾತ್ರ ಮರೆಯಬಾರದು. ಆಪರೇಶನ್ ಆದ ಮೂರನೇ ವಾರಕ್ಕೆ ತುಂಬಿದ ಕೊಡ ತಲೆಗೇರಿಸುವುದಕ್ಕೆ ಇದು ಅನುಮತಿಯಲ್ಲ.

ಹೊಲದಾಗ ದಿನಾ ದುಡಿಯೋರಿಗೆ ಬ್ಯಾರೆ ವ್ಯಾಯಾಮ ಯಾಕ ಎಂದು ನಮ್ಮ ಹೆಂಗಸರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹೋಮ್ಸ್ ಅವರ ಅಧ್ಯಯನ ಲೆಕ್ಕ ಹಾಕಿದ್ದು ನರ್ಸುಗಳು ಬಿಡುವಿನ ವೇಳೆಯಲ್ಲಿ ಮಾಡಿದ ನಡಿಗೆ, ಓಟ, ಈಜಿನಂಥವನ್ನು ಮಾತ್ರ. ಕೆಲಸದ ದುಡಿಮೆಯನ್ನಲ್ಲ. ಬಿಸಿಲಲ್ಲಿ ಇಡೀ ದಿನ ಬಗ್ಗಿ ಮೆಕ್ಕೆಜೋಳದ ಕಳೆ ತೆಗೆಯುವುದು, ಕುಕ್ಕುರುಗಾಲಲ್ಲಿ ಕೂತು ಶೇಂಗಾ ಬಿಡಿಸುವುದು ದೇಹವನ್ನು ದಣಿಸುತ್ತದೆ ನಿಜ. ಆದರೆ ಉಸಿರು ಏರುವಂತೆ ಅರ್ಧ ಗಂಟೆ ನಡೆದಾಗ ರಕ್ತದಲ್ಲಿ ಆಗುವುದು, ಇದರಲ್ಲೂ ಆಗುತ್ತದೆಯೇ ಎಂಬುದು ಬೇರೆ ಸಂಗತಿ. ಸುಗ್ಗಿಯಲ್ಲಿ ಮೈಮುರಿಯುವ ದುಡಿಮೆ, ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಬಿಡುವು, ಹೀಗೆ ಏರಿಳಿಯುವ ನಮ್ಮ ವರ್ಷವೂ ನರ್ಸುಗಳ ವರ್ಷದಂತಿಲ್ಲ.

2025ರಲ್ಲಿ ಕೆನಡಾ, ಆಸ್ಟ್ರೇಲಿಯಾ ಮೊದಲಾದ ಕಡೆಯ 889 ಕರುಳಿನ ಕ್ಯಾನ್ಸರ್ ರೋಗಿಗಳ ಪ್ರಯೋಗದ ಫಲಿತಾಂಶ ಬಂತು. ಕಿಮೊ ನಂತರ ಮೂರು ವರ್ಷ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದವರಲ್ಲಿ ಐದು ವರ್ಷ ರೋಗ ಮರಳದೆ ಉಳಿದವರು 80.3 ಪ್ರತಿಶತ, ಬರೀ ತಿಳಿವಳಿಕೆಯ ಪುಸ್ತಿಕೆ ಪಡೆದವರಲ್ಲಿ 73.9. ಚೀಟಿ ಎತ್ತಿ ಗುಂಪು ಮಾಡಿದ್ದರಿಂದ ಗಟ್ಟಿಯಿದ್ದವರೇ ನಡೆದರು ಎಂಬ ಅನುಮಾನಕ್ಕೆ ಅಲ್ಲಿ ಎಡೆಯಿಲ್ಲ. ಸ್ತನ ಕ್ಯಾನ್ಸರಿನಲ್ಲೂ ಅಂಥ ಗಟ್ಟಿ ಪುರಾವೆ ಬೇಕು, ಅದರಲ್ಲಿ ನಮ್ಮಂಥ ಊರುಗಳ ಹೆಂಗಸರೂ ಇರಬೇಕು. ಅದಕ್ಕೆ ಮೊದಲು ಚಿಕ್ಕ ಕೆಲಸವೊಂದನ್ನು ಇಲ್ಲಿಯೇ ಮಾಡಬಹುದು. ಐದು ತಾಲ್ಲೂಕುಗಳಲ್ಲಿ ಚಿಕಿತ್ಸೆ ಮುಗಿಸಿ ಗುಳಿಗೆ ನುಂಗುತ್ತಿರುವ ಹೆಂಗಸರಿಂದ, ಒಪ್ಪಿದವರಿಂದ, ಶೇಂಗಾ ಸುಗ್ಗಿಯಲ್ಲಿ ಒಮ್ಮೆ, ಬೇಸಿಗೆಯ ಬಿಡುವಿನಲ್ಲಿ ಒಮ್ಮೆ, ಎರಡು ತಿಂಗಳು ದಿನವೂ ಅರ್ಧ ಗಂಟೆ ನಡೆದ ಮೇಲೆ ಮತ್ತೊಮ್ಮೆ ರಕ್ತ ತೆಗೆದು ಇನ್ಸುಲಿನ್, ಐಜಿಎಫ್‌-1 ಅಳೆಯುವುದು. ಅಳೆಯುವ ಯಂತ್ರಗಳು ಬೆಂಗಳೂರಿನಲ್ಲಿವೆ, ಐಜಿಎಫ್ ಬಲ್ಲವರೂ ಅಲ್ಲಿದ್ದಾರೆ, ಆಶಾ ಕಾರ್ಯಕರ್ತೆಯರಿಗೆ ಪ್ರತಿ ಮನೆಯೂ ಗೊತ್ತು.